ಓದಲೆಂದು ಊರು ಬಿಟ್ಟವರಿಗೆ

ಪಿಯುಸಿ ಮುಗಿಸಿ ಶಿವಮೊಗ್ಗಕ್ಕೋ, ದಾವಣಗೆರೆಗೋ, ಧಾರವಾಡಕ್ಕೋ ಹೊರಟು ನಿಂತಿದ್ದೀರಿ. ಬ್ಯಾಗಿನಲ್ಲಿ ಬಟ್ಟೆಗಿಂತ ಅಮ್ಮ ತುಂಬಿದ ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿಯೇ ಹೆಚ್ಚಿರುತ್ತದೆ. ತೊಗರ್ಸಿಯಿಂದ ಹೊರಡುವವರು ಊರ ದೇವರು ಮಲ್ಲಿಕಾರ್ಜುನನಿಗೆ ಕೈಮುಗಿದೇ ಬಸ್ಸು ಹತ್ತುತ್ತೀರಿ. ನೀವು ಮರೆತರೂ ಮನೆಯವರು ನಿಮ್ಮ ಪರವಾಗಿ ಕೈಮುಗಿದಿರುತ್ತಾರೆ. ಇನ್ನು ಮೂರು-ನಾಲ್ಕು ವರ್ಷ ಬೆಳಿಗ್ಗೆ ಎಬ್ಬಿಸುವವರಿಲ್ಲ, ಸಂಜೆ ದೀಪ ಹಚ್ಚಿದಿರಾ ಎಂದು ಕೇಳುವವರಿಲ್ಲ, ಎಲ್ಲಿಗೆ ಹೊರಟಿರಿ ಎಂದು ತಡೆಯುವವರೂ ಇಲ್ಲ. ಅದಕ್ಕೇ ಕೆಲವು ಮಾತು ಈಗಲೇ ಹೇಳಿಬಿಡುತ್ತೇನೆ. ಮೊಬೈಲು ಪಕ್ಕಕ್ಕಿಟ್ಟು ಕೇಳಿ.

ಊರು ಬಿಟ್ಟು ಓದಲು ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ತಾಳಗುಂದಕ್ಕೆ ಹೋಗಿ, ಪ್ರಣವೇಶ್ವರ ದೇಗುಲದ ಮುಂದಿರುವ ಶಾಸನದ ಕಂಬ ನೋಡಿ. ಐದನೆಯ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಬರೆದ ಶಾಸನ ಅದು. ಮಯೂರಶರ್ಮ ಎಂಬ ತರುಣ ಗುರು ವೀರಶರ್ಮರ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ವೇದ ಓದಲು ಹೋದದ್ದನ್ನೂ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಅವಮಾನಗೊಂಡದ್ದನ್ನೂ ಅದು ಹೇಳುತ್ತದೆ. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು. ಮುಂದೆ ಬನವಾಸಿಯ ಕದಂಬ ರಾಜ್ಯವೇ ಹುಟ್ಟಿತು.

ಈ ಕಥೆಯಲ್ಲಿ ಹುಡುಗರಿಗೆ ನೆನಪಿರುವುದು ಜಗಳ ಮಾತ್ರ. ನೀವು ಹಾಗೆ ಓದಬೇಡಿ. ಅವಮಾನವಾದ ಸಂಜೆಯೇ ಮಯೂರಶರ್ಮ ಪಲ್ಲವರ ಅರಮನೆಯ ಬಾಗಿಲು ಒದೆಯಲು ಹೋಗಲಿಲ್ಲ. ಶ್ರೀಪರ್ವತದ ಕಡೆಯ ದಟ್ಟ ಕಾಡು ಸೇರಿದ, ಬಲ ಕೂಡಿಸಿಕೊಂಡ, ಸಮಯ ಕಾದ. ಕೊನೆಗೆ ಪಲ್ಲವರೇ ಅವನನ್ನು ಒಪ್ಪಿಕೊಳ್ಳುವ ಹಾಗಾಯಿತು. ಹಾಸ್ಟೆಲ್ಲಿನಲ್ಲಿ ಯಾರೋ ನಿಮ್ಮ ಊರಿನ ಮಾತನ್ನು ಆಡಿಕೊಂಡು ನಕ್ಕರು, ಇಂಗ್ಲಿಷು ಬರುವುದಿಲ್ಲವೆಂದು ಹಂಗಿಸಿದರು ಅಂತಿಟ್ಟುಕೊಳ್ಳಿ. ಆ ಕ್ಷಣಕ್ಕೆ ಕೈ ಎತ್ತಬೇಡಿ, ಬ್ಯಾಗು ಎತ್ತಿಕೊಂಡು ಊರಿಗೂ ಓಡಿಬರಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಲೈಬ್ರರಿಗೆ ಹೋಗಿ ಕೂತುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ಸೆಮಿಸ್ಟರು ಕಷ್ಟವೇ. ಪಾಠ ಅರ್ಥವಾಗಲಿಲ್ಲವೆಂದು ಮೇಷ್ಟರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿ. ಸುಮ್ಮನೆ ತಲೆಯಾಡಿಸಿ ಕೂತರೆ ಪರೀಕ್ಷೆಯ ದಿನ ಆ ತಲೆ ನಿಮ್ಮ ನೆರವಿಗೆ ಬರುವುದಿಲ್ಲ.

ಇನ್ನು ದೇವರ ವಿಷಯ. ಕಾಲೇಜಿಗೆ ಹೋದ ವರ್ಷವೇ ಕೆಲವರು ನಂಬಿಕೆಯನ್ನು ಹಳೆಯ ಯೂನಿಫಾರಮ್ಮಿನ ಹಾಗೆ ಕಳಚಿ ಎಸೆಯುತ್ತಾರೆ. ಇನ್ನು ಕೆಲವರು ಊರಿನಲ್ಲಿ ಇಲ್ಲದ ಭಕ್ತಿಯನ್ನು ಅಲ್ಲಿ ಕಲಿತು, ಡಿಪಿಯಲ್ಲಿ, ಸ್ಟೇಟಸ್ಸಿನಲ್ಲಿ, ಬೈಕಿನ ನಂಬರ್ ಪ್ಲೇಟಿನ ಮೇಲೆ ಅಂಟಿಸಿಕೊಂಡು ಬರುತ್ತಾರೆ. ಎರಡೂ ನನಗೆ ಸರಿ ಕಾಣುವುದಿಲ್ಲ. ಎರಡರಲ್ಲೂ ನೋಡುವವರ ಕಣ್ಣೇ ದೊಡ್ಡದಾಗಿ ನಿಮ್ಮ ಮನಸ್ಸು ಚಿಕ್ಕದಾಗುತ್ತದೆ. ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ: ಭಕ್ತಿಯಾಗಲಿ, ಸಾಹಸವಾಗಲಿ, ನಾಲ್ಕು ಜನ ನೋಡಲಿ ಎಂದು ಮಾಡಬೇಡಿ. ಯಾರೂ ನೋಡದಿದ್ದರೂ ಮಾಡುವಂಥದ್ದಾದರೆ ಮಾಡಿ.

ನಮ್ಮ ಉಡುತಡಿಯ ಅಕ್ಕಮಹಾದೇವಿಯನ್ನು ನೆನೆಯಿರಿ. ಅರಮನೆ, ಒಡವೆ, ಊರು ಎಲ್ಲ ಬಿಟ್ಟು ಒಬ್ಬಳೇ ಕಲ್ಯಾಣದ ದಾರಿ ಹಿಡಿದವಳು. ಹನ್ನೆರಡನೆಯ ಶತಮಾನದಲ್ಲಿ ಒಂದು ಹೆಣ್ಣು ಅಷ್ಟು ದೂರ ನಡೆದು ಹೋಗುವುದೆಂದರೆ ಯಾವ ಸಾಹಸಕ್ಕೆ ಕಡಿಮೆ? ಹೋದ ಮೇಲೆ ಕಲ್ಯಾಣದವರು ಹೂಮಾಲೆ ಹಿಡಿದು ಕಾದಿರಲಿಲ್ಲ. ಅನುಭವಮಂಟಪದಲ್ಲಿ ಅಲ್ಲಮಪ್ರಭು ಅವಳನ್ನು ಎದುರಿಗೆ ನಿಲ್ಲಿಸಿ ಒಂದರ ಮೇಲೊಂದು ಕಠಿಣ ಪ್ರಶ್ನೆ ಹಾಕಿದರು. ಶೂನ್ಯಸಂಪಾದನೆಯಲ್ಲಿ ಆ ಸಂವಾದ ಇದೆ, ರಜೆಯಲ್ಲಿ ಬಿಡುವು ಮಾಡಿಕೊಂಡು ಓದಿ. ಅಲ್ಲಮ ಯಾವ ಊರಿನವರು ಗೊತ್ತಲ್ಲ? ಬಳ್ಳಿಗಾವಿಯವರು. ಉಡುತಡಿ, ಬಳ್ಳಿಗಾವಿ ಎರಡೂ ಇವತ್ತಿನ ಶಿಕಾರಿಪುರ ತಾಲ್ಲೂಕಿನವೇ. ನಮ್ಮ ಸೀಮೆಯವಳೇ ಬಂದಿದ್ದಾಳೆ, ಬಿಟ್ಟುಬಿಡೋಣ ಎಂದು ಅಲ್ಲಮ ರಿಯಾಯಿತಿ ತೋರಲಿಲ್ಲ. ಅವಳೂ ಕೇಳಬೇಡಿ ಎನ್ನಲಿಲ್ಲ, ಸಿಟ್ಟು ಮಾಡಿಕೊಂಡು ಎದ್ದು ಹೋಗಲಿಲ್ಲ. ಉತ್ತರ ಕೊಟ್ಟಳು, ಎಲ್ಲರ ಅಕ್ಕ ಆದಳು.

ಆದ್ದರಿಂದ ಯಾರಾದರೂ ನಿಮ್ಮ ನಂಬಿಕೆಯ ಬಗ್ಗೆ ಪ್ರಶ್ನೆ ಕೇಳಿದರೆ ಮುಖ ಕೆಂಪು ಮಾಡಿಕೊಳ್ಳಬೇಡಿ. ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ತಿಳಿದುಕೊಂಡು ಹೇಳುತ್ತೇನೆ ಅನ್ನಿ. ಮನೆಗೆ ಬಂದಾಗ ಅಜ್ಜಿಯನ್ನು ಕೇಳಿ, ಮಠದ ಸ್ವಾಮಿಗಳನ್ನು ಕೇಳಿ, ಮೌಲ್ವಿಯವರನ್ನು ಕೇಳಿ, ಯಾರ ಮನೆತನಕ್ಕೆ ಯಾರು ಹಿರಿಯರೋ ಅವರನ್ನು ಕೇಳಿ. ನಂಬಿಕೆಯೇ ಇಲ್ಲ ಅನ್ನಿಸಿದರೂ ಹೆದರಬೇಡಿ. ಆ ವಯಸ್ಸಿಗೆ ಅದು ಸಹಜ. ಆದರೆ ನಂಬುವವರನ್ನು ಗೇಲಿ ಮಾಡುವುದು ಬೇಡ. ನಿಮ್ಮ ಫೀಸು ಕಟ್ಟಲು ಅಮ್ಮ ಒಡವೆ ಅಡವಿಟ್ಟಿದ್ದೂ ದೇವರ ಮೇಲೆ ಭಾರ ಹಾಕಿಯೇ. ಹಾಗೆಯೇ ಹರಕೆ ಹೊತ್ತರೆ ಪಾಸಾಗುತ್ತೇವೆಂದು ಪುಸ್ತಕ ಮುಚ್ಚಿಡಬೇಡಿ. ತಾಯಿತ ಕಟ್ಟಿಸಿಕೊಂಡರೆ ಮಾರ್ಕ್ಸು ಬರುತ್ತದೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಗದ್ದೆಗೆ ಎಷ್ಟು ನಿಜವೋ ಪರೀಕ್ಷೆಗೂ ಅಷ್ಟೇ ನಿಜ.

ಹಿಂದಿನಿಂದ ಬಂದದ್ದೆಲ್ಲ ಮುಟ್ಟಬಾರದ್ದು ಎಂದೂ ತಿಳಿಯಬೇಡಿ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ಬಡವರ, ದಲಿತರ ಮನೆಯ ಹೆಣ್ಣುಮಕ್ಕಳೇ ಅದಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದರು. 1986ರಲ್ಲಿ ದಲಿತ ಸಂಘರ್ಷ ಸಮಿತಿಯವರೂ ಇತರರೂ ಅದನ್ನು ತಡೆಯಲು ಹೋಗಿ ದೊಡ್ಡ ಗಲಭೆಯೇ ಆಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಇವತ್ತಿಗೂ ಚಂದ್ರಗುತ್ತಿಗೆ ಭಕ್ತರು ಹೋಗುತ್ತಾರೆ, ದೇವಿಗೆ ಏನೂ ಕಡಿಮೆಯಾಗಿಲ್ಲ. ಕೆಟ್ಟ ಆಚಾರ ಬಿಟ್ಟರೆ ದೇವರು ಮುನಿಯುವುದಿಲ್ಲ ಎನ್ನುವುದನ್ನು ನೀವು ಪುಸ್ತಕದಿಂದ ಕಲಿಯಬೇಕಾಗಿಲ್ಲ, ಮನೆಯ ಹತ್ತಿರವೇ ಇದೆ.

ಹಾಸ್ಟೆಲ್ಲಿನಲ್ಲಿ ನಿಮ್ಮ ರೂಮಿಗೆ ಯಾರು ಬರುತ್ತಾರೋ ಗೊತ್ತಿಲ್ಲ. ಮುಸ್ಲಿಮರ ಹುಡುಗ ಇರಬಹುದು, ಕ್ರೈಸ್ತರ ಹುಡುಗಿ ಇರಬಹುದು, ನಿಮ್ಮ ಮನೆಯಲ್ಲಿ ಜೊತೆಗೆ ಕೂತು ಉಣ್ಣದ ಜಾತಿಯವರು ಇರಬಹುದು. ಮೊದಲ ದಿನವೇ ರೂಮು ಬದಲಿಸಿಕೊಡಿ ಎಂದು ವಾರ್ಡನ್ನಿನ ಮುಂದೆ ನಿಲ್ಲುವ ಮಕ್ಕಳನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ. ಬಳ್ಳಿಗಾವಿಯವರ ನೆಂಟರಾಗಿ ಹೀಗೆ ಮಾಡಬಹುದೇ? ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂದು ಐದು ಮಠಗಳು ಒಂದೇ ಊರಿನಲ್ಲಿದ್ದ ಜಾಗ ಅದು. ಅಲ್ಲಿ ನಾಗಿಯಕ್ಕ ಎಂಬ ಹೆಣ್ಣುಮಗಳು ಬೌದ್ಧರ ತಾರಾ ಭಗವತಿಯ ವಿಗ್ರಹ ಮಾಡಿಸಿದ್ದಳು. ಕೆರೆಯ ಕೋಡಿಯ ಹತ್ತಿರ ಕೋಡಿಯ ಮಠವಿತ್ತು, ಕೇದಾರೇಶ್ವರನ ಸನ್ನಿಧಿಯಲ್ಲಿ. ಅದರ 1162ರ ಶಾಸನ ಓದಿದರೆ ಈಗಿನ ಯೂನಿವರ್ಸಿಟಿಯವರೂ ಬೆರಗಾಗಬೇಕು. ನಾಲ್ಕು ವೇದ, ಪಾಣಿನಿಯ ವ್ಯಾಕರಣ, ಶಾಕಟಾಯನ ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ, ಕಾವ್ಯ, ನಾಟಕ, ಎಲ್ಲವನ್ನೂ ಓದುವ ಜಾಗ ಅದು ಎನ್ನುತ್ತದೆ. ಮಠ ಶೈವರದು, ಆದರೂ ಬೇರೆಯವರ ಶಾಸ್ತ್ರ ಓದಿದರೆ ನಮ್ಮದು ಕೆಟ್ಟೀತು ಎಂಬ ಭಯ ಅವರಿಗಿರಲಿಲ್ಲ. ಅಷ್ಟೇ ಅಲ್ಲ, ಬಡವರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅಲ್ಲಿ ಅನ್ನ, ರೋಗಿಗಳಿಗೆ ಔಷಧ, ಹೆದರಿ ಬಂದವರಿಗೆ ಅಭಯ. ಓದು, ದೇವರು, ಅನ್ನ ಮೂರನ್ನೂ ಅವರು ಒಂದೇ ಸೂರಿನಡಿ ಇಟ್ಟಿದ್ದರು.

ನೀವೂ ಹಾಗೇ ಇಡಲು ನೋಡಿ. ರೂಮಿನವರ ಹಬ್ಬಕ್ಕೆ ಹೋಗಿ, ನಿಮ್ಮ ಹಬ್ಬಕ್ಕೆ ಕರೆಯಿರಿ. ರಂಜಾನಿನಲ್ಲಿ ಗೆಳೆಯ ನಸುಕಿಗೆ ಎದ್ದರೆ ಲೈಟು ಹಾಕಿದ ಎಂದು ಗೊಣಗಬೇಡಿ. ನಿಮ್ಮ ಶಿವರಾತ್ರಿಯ ಜಾಗರಣೆಗೆ ಅವನೂ ಗೊಣಗುವುದಿಲ್ಲ. ಅವರು ತಿನ್ನುವುದನ್ನು ನೀವು ತಿನ್ನದಿದ್ದರೆ ಬೇಡ, ಮೂಗು ಮಾತ್ರ ಮುಚ್ಚಬೇಡಿ. ಎಲ್ಲರ ಜೊತೆ ದುಡಿದು ಉಣ್ಣುವುದನ್ನು ಕಲಿಯಲು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರಲ್ಲಿ ಶುರುವಾದ ಯೋಜನೆ ಅದು. ಏಳು ದಿನದ ಶಿಬಿರದಲ್ಲಿ ಯಾವುದೋ ಹಳ್ಳಿಯ ಚರಂಡಿ ತೆಗೆದು, ಶಾಲೆಗೆ ಸುಣ್ಣ ಬಳಿದು, ಸಾಲಾಗಿ ಕೂತು ಉಂಡು ಬಂದವರ ಮನಸ್ಸು ಎಷ್ಟು ಹಗುರಾಗಿರುತ್ತದೆ ಎಂದು ಅವರನ್ನೇ ಕೇಳಿ. ಸರ್ಟಿಫಿಕೇಟಿಗಾಗಿ ಮಾತ್ರ ಹೋಗಿ ಮೂಲೆಯಲ್ಲಿ ಫೋನು ಒತ್ತುತ್ತಾ ಕೂರುವುದಾದರೆ ದಯವಿಟ್ಟು ಹೋಗಬೇಡಿ, ಇನ್ನೊಬ್ಬರ ಜಾಗ ತುಂಬಬೇಡಿ.

ಸಾಹಸಕ್ಕೆ ಬರೋಣ. ಈ ವಿಷಯದಲ್ಲಿ ನಿಮ್ಮನ್ನು ಸ್ವಲ್ಪ ಬೈಯಲೇಬೇಕು.

ದೀಪಾವಳಿ ಮುಗಿಯಿತೆಂದರೆ ಶಿಕಾರಿಪುರ, ಸೊರಬ, ಆನವಟ್ಟಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೋರಿ ಬೆದರಿಸುವ ಹಬ್ಬ. ಕಾಲೇಜಿಗೆ ರಜೆ ಇರಲಿ ಬಿಡಲಿ, ನೀವು ಊರಿಗೆ ಬರುತ್ತೀರಿ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿದ ಹೋರಿ ಅಖಾಡದಲ್ಲಿ ಓಡಿ ಬರುವುದು ನೋಡಲು ಚೆಂದ, ನಾನೂ ಅಲ್ಲಗಳೆಯುವುದಿಲ್ಲ. ವರ್ಷವಿಡೀ ಮಗುವಿನ ಹಾಗೆ ಸಾಕಿದ ಹೋರಿ, ರೈತನ ಮನೆಯ ಹೆಮ್ಮೆ. ಆದರೆ ಈ ಹಬ್ಬದಲ್ಲಿ ಹೋರಿ ತಿವಿದು ಸತ್ತವರಿದ್ದಾರೆ. ಸತ್ತವರಲ್ಲಿ ಓಡುವ ಹೋರಿಯ ಕೊರಳಿನ ಕೊಬ್ಬರಿ ಹರಿಯಲು ಹೋದ ಗಟ್ಟಿಗರಷ್ಟೇ ಅಲ್ಲ, ಸುಮ್ಮನೆ ನೋಡಲು ನಿಂತವರೂ ಇದ್ದಾರೆ. ಹಟ್ಟಿಯಲ್ಲಿ ಹೋರಿಯ ಜೊತೆ ಬೆಳೆದವನ ಕೈಗೆ ಅದರ ನಡೆ ಗೊತ್ತು. ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಕೂತು ಬಂದ ನಿಮಗೆ ಅದು ಮರೆತಿರುತ್ತದೆ. ವಿಡಿಯೋ ಚೆನ್ನಾಗಿ ಬರಲಿ ಎಂದು ಓಡುವ ದಾರಿಗೆ ಇಳಿಯಬೇಡಿ. ಬೇಲಿಯ ಆಚೆ, ಎತ್ತರದ ಜಾಗದಲ್ಲಿ ನಿಲ್ಲಿ. ಕುಡಿದವರ ಪಕ್ಕ ನಿಲ್ಲಲೇಬೇಡಿ. ಚಿಕ್ಕ ತಮ್ಮ-ತಂಗಿಯರನ್ನು ಹೆಗಲ ಮೇಲೆ ಹೊತ್ತು ಅಖಾಡದೊಳಗೆ ಬರುವ ಹುಡುಗರನ್ನು ಕಂಡರೆ ಕಿವಿ ಹಿಂಡಬೇಕೆನ್ನಿಸುತ್ತದೆ. ಅನುಮತಿ ಪಡೆಯದೆ, ಆಂಬುಲೆನ್ಸ್ ಇಲ್ಲದೆ ಹಬ್ಬ ನಡೆಸಲು ಗೆಳೆಯರು ಹೊರಟರೆ ಬೇಡವೆಂದು ಹೇಳುವವರು ನೀವಾಗಿ. ಓದಿದವರು ಎಂದು ಊರು ನಿಮ್ಮ ಮಾತು ಕೇಳುತ್ತದೆ.

ಇನ್ನೊಂದು, ಕಾಡಿಗೆ ಹೋಗುವವರಿಗೆ. ಹೊರಗಿನ ಗೆಳೆಯರನ್ನು ಕರೆತಂದು ನಮ್ಮ ಮಲೆನಾಡು ತೋರಿಸುತ್ತೇವೆ ಎಂದು ಬೇಸಿಗೆಯಲ್ಲಿ ಕಾಡು ನುಗ್ಗುತ್ತೀರಿ. ಮಂಗನ ಕಾಯಿಲೆಯನ್ನು ಮರೆಯಬೇಡಿ. ಲೋಕಕ್ಕೆ ಆ ರೋಗ ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ, 1957ರಲ್ಲಿ. ವೈದ್ಯಶಾಸ್ತ್ರದಲ್ಲಿ ಇವತ್ತಿಗೂ ಅದಕ್ಕೆ ಕ್ಯಾಸನೂರು ಕಾಡಿನ ರೋಗವೆಂದೇ ಹೆಸರು. ಹರಡುವುದು ಉಣುಗಿನಿಂದ. ಮಳೆ ನಿಂತು ಎಲೆ ಉದುರುವ ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣುಗಿನ ಮರಿಗಳು ತರಗೆಲೆಯಲ್ಲಿ ತುಂಬಿರುತ್ತವೆ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಮಂಗ ಸತ್ತುಬಿದ್ದ ಜಾಗದಲ್ಲಿ ಅಪಾಯ ಹೆಚ್ಚು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಫೋಟೋ ತೆಗೆಯಲೂ ಬೇಡಿ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಡಿಗೆ ಹೋಗಲೇಬೇಕೆಂದರೆ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಬಂದೊಡನೆ ಬಿಸಿನೀರಿನಲ್ಲಿ ಮೈ ಉಜ್ಜಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಆಮೇಲಿನ ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಹಿಂಡುವ ನೋವು ಬಂದರೆ ಹಾಸ್ಟೆಲ್ಲಿನಲ್ಲಿ ಮಾತ್ರೆ ನುಂಗಿ ಮುಸುಕು ಹಾಕಿಕೊಂಡು ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ. ಶಹರದ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದಿಲ್ಲ.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಜು ಬಾರದವರು ಕೆರೆಗೂ ಇಳಿಯಬೇಡಿ, ಹೊಳೆಗೂ ಇಳಿಯಬೇಡಿ. ವರದೆಯಾಗಲಿ, ಕುಮುದ್ವತಿಯಾಗಲಿ, ಕೂಡಲಿಯ ಸಂಗಮವಾಗಲಿ, ಮೇಲೆ ಶಾಂತವಾಗಿ ಕಂಡ ಕಡೆಯೇ ಒಳಗೆ ಹೂಳು, ಸುಳಿ, ಮರಳು ತೆಗೆದ ಗುಂಡಿ ಇರುತ್ತದೆ. ಗೆಳೆಯ ಮುಳುಗುತ್ತಿದ್ದರೆ ನೀವೂ ಧುಮುಕಬೇಡಿ. ಟವೆಲ್ಲೋ ಕೋಲೋ ಹಗ್ಗವೋ ಎಸೆದು ಎಳೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನು ಮಾಡಿ.

ಇಷ್ಟು ಬೈದೆನೆಂದು ಸಾಹಸವೇ ಬೇಡ ಎಂದುಕೊಳ್ಳಬೇಡಿ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದು ನಿಮ್ಮ ವಯಸ್ಸಿನವರಿಗೇ. ಕೊಡಚಾದ್ರಿ ಹತ್ತಿ. 1343 ಮೀಟರಿನ ಬೆಟ್ಟ, ಮೇಲೆ ಶಂಕರಾಚಾರ್ಯರ ಸರ್ವಜ್ಞಪೀಠ. ಭಕ್ತಿಗೂ ಕಾಲಿಗೂ ಒಟ್ಟಿಗೇ ಕೆಲಸ. ಅರಣ್ಯ ಇಲಾಖೆಯ ಅನುಮತಿ ಕೇಳಿಕೊಂಡು ಹೋಗಿ, ಮಳೆಗಾಲದಲ್ಲಿ ಬೇಡವೆಂದರೆ ವಾದ ಮಾಡದೆ ಹಿಂತಿರುಗಿ. ನಿಜವಾಗಿ ಬಂಡೆ ಹತ್ತುವ ಆಸೆಯಿದ್ದರೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಎಂದು ರಾಜ್ಯ ಸರ್ಕಾರದ್ದೇ ಸಂಸ್ಥೆ ಇದೆ. ಬಂಡೆ ಹತ್ತುವುದು, ಚಾರಣ, ನೀರಿನ ಸಾಹಸ ಎಲ್ಲವನ್ನೂ ಕಲಿಸುತ್ತದೆ. ಬಾದಾಮಿಯ ಕೆಂಪು ಬಂಡೆಗಳಿಗೆ ಹಗ್ಗ ಕಟ್ಟಿ ಹತ್ತುವುದನ್ನು ಗುರುವಿನ ಕೈಯಲ್ಲಿ ಕಲಿಯಿರಿ. ಯೂಟ್ಯೂಬು ನೋಡಿ ಹತ್ತಬೇಡಿ. ಎನ್‌ಸಿಸಿ ಸೇರಿದರಂತೂ ಬೆಳಗಿನ ನಿದ್ದೆಯ ರೋಗ ತಾನಾಗಿ ಬಿಡುತ್ತದೆ.

ಹೆಣ್ಣುಮಕ್ಕಳಿಗೂ ಇದೇ ಮಾತು, ಬೇರೆ ಮಾತಿಲ್ಲ. ಅಪ್ಪ-ಅಮ್ಮಂದಿರೇ, ನೀವೂ ಇದನ್ನು ಓದುತ್ತಿದ್ದರೆ ಕೇಳಿ: ಮಗ ಕೊಡಚಾದ್ರಿಗೆ ಹೊರಟರೆ ಖರ್ಚಿಗೆ ದುಡ್ಡು ಕೊಡುತ್ತೀರಿ, ಮಗಳು ಹೊರಟರೆ ಯಾಕೆ, ಯಾರ ಜೊತೆ ಎಂದು ಅಳಿಸುತ್ತೀರಿ. ಇಬ್ಬರನ್ನೂ ಕೇಳಿ, ಇಬ್ಬರನ್ನೂ ಕಳಿಸಿ. ಅಕ್ಕಮಹಾದೇವಿಯ ಜಯಂತಿ ಮಾಡುವ ನಾಡಿನಲ್ಲಿ ಹೆಣ್ಣುಮಕ್ಕಳ ಕಾಲಿಗೆ ಹಗ್ಗ ಕಟ್ಟುವುದು ಶೋಭಿಸುವುದಿಲ್ಲ. ಹೆಣ್ಣುಮಕ್ಕಳೇ, ನೀವೂ ಅಷ್ಟೇ, ಗ್ರಂಥಾಲಯಕ್ಕೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಬೆಟ್ಟಕ್ಕೆ ಹೋಗಬೇಡಿ. ಅಪಾಯವಾದಾಗ ಹುಡುಕುವವರು ತಪ್ಪು ಕಡೆ ಹುಡುಕುತ್ತಾರೆ.

ನಡಿಗೆಯನ್ನೇ ವ್ರತ ಮಾಡಿಕೊಂಡವರೂ ನಿಮ್ಮಲ್ಲಿ ಇದ್ದೀರಿ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ಸಾವಿರಾರು ಜನ ನಡೆಯುತ್ತಾರೆ. ತೊಗರ್ಸಿಯ ಮಲ್ಲಿಕಾರ್ಜುನನ ಮಕ್ಕಳಿಗೆ ಶ್ರೀಶೈಲದ ಮಲ್ಲಿಕಾರ್ಜುನನನ್ನು ನಡೆದೇ ನೋಡುವ ಆಸೆ ಹುಟ್ಟುವುದು ಸಹಜ. ಮಯೂರಶರ್ಮ ಬಲ ಕೂಡಿಸಿದ್ದೂ ಆ ಕಡೆಯ ಕಾಡಿನಲ್ಲೇ, ಅಕ್ಕಮಹಾದೇವಿ ಕೊನೆಗೆ ಸೇರಿದ್ದೂ ಅಲ್ಲಿಯ ಕದಳಿವನವನ್ನೇ. ಹೋಗಿ, ಆದರೆ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಹೋಗಿ. ಹೊಸ ಚಪ್ಪಲಿ ಹಾಕಿಕೊಂಡು ಹೊರಡಬೇಡಿ, ಬೊಬ್ಬೆ ಏಳುತ್ತದೆ. ಪಳಗಿದ ಶೂ, ಕಾಲುಚೀಲ ಒಳ್ಳೆಯದು. ತಿಂಗಳ ಮುಂಚಿನಿಂದ ದಿನಾ ಸ್ವಲ್ಪ ಸ್ವಲ್ಪ ನಡೆದು ಕಾಲು ಹದ ಮಾಡಿಕೊಳ್ಳಿ. ಎದುರಿನಿಂದ ಬರುವ ವಾಹನ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಸಾಲಾಗಿ ನಡೆಯಿರಿ. ಮೂರು ಮಂದಿ ಕೈ ಹಿಡಿದು ಅಡ್ಡಡ್ಡ ನಡೆಯುವುದು ಬೇಡ. ರಾತ್ರಿ ನಡೆಯುವುದಾದರೆ ಬಿಳಿ ಬಟ್ಟೆ, ಕೈಯಲ್ಲಿ ಟಾರ್ಚು. ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು ಶಿವನಾಮ ಕೇಳುವುದೂ ಬೇಡ, ಲಾರಿಯ ಹಾರನ್ನು ಕೇಳಬೇಕು. ಅನ್ನದಾಸೋಹದವರು ಕೊಟ್ಟ ತಟ್ಟೆ, ಲೋಟ, ಬಾಟಲಿಗಳನ್ನು ಘಾಟಿಯಲ್ಲಿ ಎಸೆದರೆ ಯಾವ ಪುಣ್ಯವೂ ಬರುವುದಿಲ್ಲ, ಚೀಲದಲ್ಲಿ ಹಾಕಿಕೊಂಡು ಬನ್ನಿ.

ಸಾಹಸ ಎಂದು ಹೆಸರಿಟ್ಟುಕೊಂಡು ಬರುವ ಕೆಲವು ಸಾಹಸವೇ ಅಲ್ಲ. ಮೊಬೈಲಿನಲ್ಲಿ ರಮ್ಮಿ, ಕ್ರಿಕೆಟ್ ಬೆಟ್ಟಿಂಗು ಆಡುವುದು, ಸಾಲದ ಆ್ಯಪಿನಿಂದ ದುಡ್ಡು ತೆಗೆಯುವುದು, ಒಂದು ದಮ್ಮು ಎಳೆದರೆ ಏನಾಗುತ್ತದೆ ಎನ್ನುವುದು, ಹೆಲ್ಮೆಟ್ಟಿಲ್ಲದೆ ಶಿರಾಳಕೊಪ್ಪದ ರಸ್ತೆಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತುವುದು. ಇವುಗಳಿಗೆ ಬೇಕಾದ್ದು ಧೈರ್ಯವಲ್ಲ. ಬೇಡ ಎನ್ನಲಾಗದ ದೌರ್ಬಲ್ಯ. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುವುದು ಸನ್ಯಾಸಿಯಲ್ಲದವರಿಗೂ ಅನ್ವಯಿಸುತ್ತದೆ. ಈಗಾಗಲೇ ಸಾಲದಲ್ಲಿ ಸಿಕ್ಕಿಕೊಂಡಿದ್ದರೆ ಇನ್ನೊಂದು ಸಾಲ ಮಾಡಿ ಮುಚ್ಚಲು ಹೋಗಬೇಡಿ. ಮನೆಗೆ ಹೇಳಿ. ಅಪ್ಪ ಒಂದು ದಿನ ಕೂಗಾಡುತ್ತಾರೆ, ಮಾರನೆಯ ದಿನ ನಿಮ್ಮ ಜೊತೆ ದಾರಿ ಹುಡುಕಲು ಕೂರುತ್ತಾರೆ.

ಮನಸ್ಸಿನ ವಿಷಯವೂ ಹೇಳಬೇಕು. ಮೊದಲ ವರ್ಷ ಊರು ಕಾಡುತ್ತದೆ, ಒಂದೆರಡು ವಿಷಯ ಫೇಲಾಗುತ್ತದೆ, ನೆಚ್ಚಿಕೊಂಡವರು ಮುಖ ತಿರುಗಿಸುತ್ತಾರೆ. ಪ್ರಾರ್ಥನೆ ಮಾಡುವವರು ಮಾಡಿ, ಅದರಿಂದ ಸಮಾಧಾನ ಸಿಗುತ್ತದೆ. ಆದರೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸಿದರೆ ಪ್ರಾರ್ಥನೆಯೊಂದನ್ನೇ ನೆಚ್ಚಿ ಕೂರಬೇಡಿ. 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಕೋಡಿಯ ಮಠದವರು ರೋಗಿಗೆ ಮಂತ್ರವನ್ನಷ್ಟೇ ಕೊಟ್ಟು ಕಳಿಸುತ್ತಿರಲಿಲ್ಲ, ಔಷಧವನ್ನೂ ಕೊಡುತ್ತಿದ್ದರು.

ಈ ಸಲ ರಜೆಗೆ ಬಂದಾಗ ಒಂದು ಕೆಲಸ ಮಾಡಿ. ಹಾಸ್ಟೆಲ್ಲಿನ ಗೆಳೆಯರನ್ನು ಕರೆದುಕೊಂಡು ಬನ್ನಿ, ಬೇರೆ ಜಾತಿ ಬೇರೆ ಧರ್ಮದವರಾದರೆ ಇನ್ನೂ ಒಳ್ಳೆಯದು. ಶಿರಾಳಕೊಪ್ಪದಲ್ಲಿ ಇಳಿದು ತಾಳಗುಂದ, ಬಳ್ಳಿಗಾವಿ, ಉಡುತಡಿ ಮೂರನ್ನೂ ತೋರಿಸಿ. ಶಾಸನದ ಕಲ್ಲಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ, ಕಲ್ಲಿಗೆ ಹೆಸರು ಕೆತ್ತಬೇಡಿ, ಚಪ್ಪಲಿ ಹೊರಗೆ ಬಿಡಿ. ಕುಡಿಯುವ ನೀರು ಜೊತೆಗಿರಲಿ. ಮಧ್ಯಾಹ್ನದ ಊಟಕ್ಕೆ ಎಷ್ಟು ಜನ ಬರುತ್ತೀರಿ ಎಂದು ಮನೆಗೆ ಹಿಂದಿನ ದಿನವೇ ತಿಳಿಸಿ, ಹೊಸ್ತಿಲಲ್ಲಿ ಬಂದು ನಿಂತು ಹೇಳಬೇಡಿ.